16ಕ್ಕೆ ಬಾಸ್ಕೆಟ್‌ಬಾಲ್ ಹಿಡಿದರೆ ತಡವಾಯ್ತಾ? (ಹಕೀಮ್ ಒಲಾಜುವಾನ್ ಕಡೆಗೆ ತಿರುಗಿದ ಚರ್ಚೆ)

ಪಿಟಿ ಮೇಷ್ಟ್ರು | ಶನಿವಾರ ಸಂಜೆ 6:12

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಕೇಳಬೇಕಿತ್ತು. ನಮ್ಮ ಪಿಯು ಕಾಲೇಜಿನಲ್ಲಿ ಒಬ್ಬ ಹುಡುಗ ಇದ್ದಾನೆ. 16 ವರ್ಷ, 6 ಅಡಿ 3 ಇಂಚು, ಇನ್ನೂ ಬೆಳೆಯುತ್ತಿದ್ದಾನೆ. ಇಲ್ಲಿಯವರೆಗೆ ಆಡಿದ್ದು ಕಬಡ್ಡಿ ಮಾತ್ರ. ಒಳ್ಳೆಯ ರೈಡರ್. ಎರಡು ತಿಂಗಳಿಂದ ನಾನೇ ಬಾಸ್ಕೆಟ್‌ಬಾಲ್ ಹಿಡಿಸಿದ್ದೇನೆ.

ಮೊನ್ನೆ ಒಂದು ಆಯ್ಕೆ ಶಿಬಿರಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿದ್ದವರೊಬ್ಬರು ಬಾಲನ್ನು ಅವನ ಕೈಗೂ ಕೊಡಲಿಲ್ಲ. "ಹತ್ತು ವರ್ಷಕ್ಕೇ ಶುರು ಮಾಡಿಸಬೇಕಿತ್ತು ಮೇಷ್ಟ್ರೇ, ಈಗ ತಡ ಆಯ್ತು" ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಹುಡುಗ ಒಂದು ಮಾತೂ ಆಡಲಿಲ್ಲ. ಚುರುಮುರಿ ಕೊಡಿಸಿದೆ, ಅದನ್ನೂ ಪಕ್ಕದ ಸೀಟಿನ ಮಗುವಿಗೆ ಕೊಟ್ಟುಬಿಟ್ಟ.

ನಿಜವಾಗಲೂ ತಡವಾಯ್ತಾ? ತಡವಾಗಿ ಶುರು ಮಾಡಿ ದೊಡ್ಡ ಮಟ್ಟಕ್ಕೆ ಹೋದವರು ಯಾರಾದರೂ ಇದ್ದರೆ ಹೇಳಿ. ಹುಡುಗನಿಗೆ ತೋರಿಸಬೇಕು.

ಹಳೇ ಸೆಂಟರ್ | ಶನಿವಾರ ಸಂಜೆ 6:40

ಮೇಷ್ಟ್ರೇ, ಒಂದೇ ಹೆಸರು ಸಾಕು. ಹಕೀಮ್ ಒಲಾಜುವಾನ್.

ನೈಜೀರಿಯಾದ ಲಾಗೋಸ್‌ನಲ್ಲಿ 1963ರ ಜನವರಿ 21ರಂದು ಹುಟ್ಟಿದವನು. ಅಪ್ಪ ಅಮ್ಮನದು ಸಿಮೆಂಟ್ ವ್ಯಾಪಾರ. ಹುಡುಗ ಆಡುತ್ತಿದ್ದದ್ದು ಫುಟ್‌ಬಾಲ್ ಮತ್ತು ಹ್ಯಾಂಡ್‌ಬಾಲ್. ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್. 15 ವರ್ಷ ಆಗುವವರೆಗೆ ಬಾಸ್ಕೆಟ್‌ಬಾಲ್ ಆಡಿಯೇ ಇರಲಿಲ್ಲ. 1980ರಲ್ಲಿ ಅಮೆರಿಕಕ್ಕೆ ಹೋದ. 1984ರಲ್ಲಿ ಎನ್‌ಬಿಎ (ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್) ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಮೊದಲನೇ ಆಯ್ಕೆ. ಆ ವರ್ಷ ಮೂರನೇ ಆಯ್ಕೆ ಯಾರು ಗೊತ್ತಾ? ಮೈಕೆಲ್ ಜೋರ್ಡನ್. ಐದನೆಯವನು ಚಾರ್ಲ್ಸ್ ಬಾರ್ಕ್ಲಿ.

ಅಂದರೆ ರಿಂಗ್ ಹೇಗಿರುತ್ತೆ ಅಂತ ಸರಿಯಾಗಿ ನೋಡಿ ಆರೇಳು ವರ್ಷದಲ್ಲಿ ಜೋರ್ಡನ್‌ಗಿಂತ ಮೊದಲು ಅವನ ಹೆಸರು ಕೂಗಿದರು. ಅವತ್ತು ಅದು ತಪ್ಪು ಅಂತ ಯಾರೂ ಅನ್ನಲಿಲ್ಲ, ಇವತ್ತಿಗೂ ಅವನನ್ನು ಆರಿಸಿದ ಹ್ಯೂಸ್ಟನ್‌ನಲ್ಲಿ ಯಾರೂ ಅನ್ನುವುದಿಲ್ಲ. ಬೈಸಿಕೊಳ್ಳುವುದು ಎರಡನೇ ಆಯ್ಕೆ ಮಾಡಿದ ಪೋರ್ಟ್‌ಲ್ಯಾಂಡ್ ಮಾತ್ರ. ಅವರು ಜೋರ್ಡನ್‌ನನ್ನು ಬಿಟ್ಟು ಸ್ಯಾಮ್ ಬೋವಿಯನ್ನು ತೆಗೆದುಕೊಂಡರು.

ಕಡ್ಡಿಪುಡಿ | ಶನಿವಾರ ಸಂಜೆ 7:05

ಹುಡುಗನಿಗೆ ಸುಮ್ನೆ ಆಸೆ ಹುಟ್ಟಿಸಬೇಡಿ ಅಂತ ನನ್ನ ಮನವಿ. ಹಕೀಮ್ 6 ಅಡಿ 10 ಇಂಚು. 7 ಅಡಿ ಅಂತ ಬರೆಯುತ್ತಿದ್ದರು, ಅದು ಬೇರೆ. ಆ ಎತ್ತರ, ಆ ಮೈಕಟ್ಟು ಕೋಟಿಗೊಬ್ಬರಿಗೆ. ತಡವಾಗಿ ಶುರು ಮಾಡಿ ಗೆದ್ದ ಒಬ್ಬನ ಕಥೆ ಎಲ್ಲರೂ ಹೇಳುತ್ತಾರೆ. ತಡವಾಗಿ ಶುರು ಮಾಡಿ ಎಲ್ಲೂ ಮುಟ್ಟದ ಸಾವಿರ ಜನರ ಕಥೆ ಯಾರು ಹೇಳುತ್ತಾರೆ?

ಹಳೇ ಸೆಂಟರ್ | ಶನಿವಾರ ಸಂಜೆ 7:21

ಒಪ್ಪಿದೆ. ಎತ್ತರವನ್ನು ಯಾರೂ ಕಲಿಸಲು ಆಗಲ್ಲ. ಆದರೆ ಎತ್ತರ ಇದ್ದವರೆಲ್ಲ ಹಕೀಮ್ ಆಗಲಿಲ್ಲವಲ್ಲ? ಅವನ ತಂಡದಲ್ಲೇ ರಾಲ್ಫ್ ಸ್ಯಾಂಪ್ಸನ್ ಇದ್ದ, 7 ಅಡಿ 4 ಇಂಚು. ಇಬ್ಬರನ್ನೂ ಸೇರಿಸಿ ಅವಳಿ ಗೋಪುರ ಅನ್ನುತ್ತಿದ್ದರು. ಉಳಿದದ್ದು ಗಿಡ್ಡ ಗೋಪುರ.

ನನ್ನ ವಾದ ಇಷ್ಟೇ. ಹಕೀಮ್ ತಡವಾಗಿ ಶುರು ಮಾಡಲೇ ಇಲ್ಲ. ಬಾಸ್ಕೆಟ್‌ಬಾಲ್ ಮಾತ್ರ ತಡವಾಗಿ ಬಂತು. ಕಾಲು ಮೊದಲೇ ತಯಾರಾಗಿತ್ತು. ಗೋಲ್‌ಕೀಪರ್ ಕೆಲಸ ಏನು? ಒದೆಯುವವನ ಸೊಂಟ ನೋಡಿ ಬಾಲ್ ಎಲ್ಲಿಗೆ ಬರುತ್ತೆ ಅಂತ ಊಹಿಸುವುದು, ಸರಿಯಾದ ಗಳಿಗೆಯಲ್ಲಿ ಹಾರುವುದು. ಅದನ್ನೇ ರಿಂಗ್ ಮುಂದೆ ಮಾಡಿದರೆ ಬ್ಲಾಕ್. ಎನ್‌ಬಿಎಯಲ್ಲಿ ಅವನು ಮಾಡಿದ ಬ್ಲಾಕ್‌ಗಳು 3,830. ಇವತ್ತಿಗೂ ಅದೇ ದಾಖಲೆ.

ಲೆಕ್ಕದ ಪುಸ್ತಕ | ಶನಿವಾರ ಸಂಜೆ 7:30

ಸಣ್ಣ ತಿದ್ದುಪಡಿ. ಎನ್‌ಬಿಎಯಲ್ಲಿ ಬ್ಲಾಕ್ ಎಣಿಸಲು ಶುರು ಮಾಡಿದ್ದೇ 1973-74ರಿಂದ. ಬಿಲ್ ರಸೆಲ್, ವಿಲ್ಟ್ ಚೇಂಬರ್ಲಿನ್ ಕಾಲದಲ್ಲಿ ಯಾರೂ ಬರೆದಿಡಲಿಲ್ಲ. ಹಾಗಾಗಿ "ಲೆಕ್ಕ ಇಟ್ಟ ಮೇಲಿನ ದಾಖಲೆ" ಅನ್ನಿ.

ಆದರೆ ನನಗೆ ಅದಕ್ಕಿಂತ ಇಷ್ಟ ಆಗುವ ಅಂಕಿ ಬೇರೆ. 1988-89ರಲ್ಲಿ 282 ಬ್ಲಾಕ್, 213 ಸ್ಟೀಲ್. ಒಂದೇ ಸೀಸನ್‌ನಲ್ಲಿ ಎರಡೂ 200 ದಾಟಿದವನು ಅವನೊಬ್ಬನೇ. ಸ್ಟೀಲ್ ಅನ್ನುವುದು ಗಿಡ್ಡ, ಚುರುಕು ಗಾರ್ಡ್‌ಗಳ ಆಸ್ತಿ. ಸೆಂಟರ್ (ರಿಂಗ್ ಹತ್ತಿರ ನಿಲ್ಲುವ ಎತ್ತರದವನ ಜಾಗ) ಆಡುವವನು 213 ಸಲ ಬಾಲ್ ಕದಿಯುವುದು ಅಂದರೆ ಆನೆ ಮರ ಹತ್ತಿದ ಹಾಗೆ.

ಹ್ಯೂಸ್ಟನ್‌ನಲ್ಲಿ ಹಾಸನದವಳು | ಶನಿವಾರ ರಾತ್ರಿ 9:48

ನಮ್ಮೂರಿನ ವಿಷಯ ಬಂತು, ನಾನು ಸುಮ್ಮನಿರೋದು ಹೇಗೆ! (ನಮ್ಮೂರು ಅಂದರೆ ಈಗಿನ ನಮ್ಮೂರು.)

ಅವನು ಇಲ್ಲಿಗೆ ಬಂದ ಕಥೆ ಈ ಊರಲ್ಲಿ ಎಲ್ಲರಿಗೂ ಗೊತ್ತು. ಹ್ಯೂಸ್ಟನ್ ವಿಶ್ವವಿದ್ಯಾಲಯದ ಕೋಚ್ ಗೈ ಲೂಯಿಸ್. ಆಫ್ರಿಕಾದಿಂದ ಒಬ್ಬ ಎತ್ತರದ ಹುಡುಗ ಬರುತ್ತಾನೆ ಅಂತ ಹೇಳಿದ್ದರು, ಅವರು ಅಷ್ಟೇನೂ ನಂಬಿರಲಿಲ್ಲ. ಏರ್‌ಪೋರ್ಟ್‌ಗೆ ಯಾರೂ ಬರಲಿಲ್ಲ. ಹುಡುಗನೇ ಫೋನ್ ಮಾಡಿದ. ಟ್ಯಾಕ್ಸಿ ಹಿಡಿದು ಬಾ ಅಂದರು. 17 ವರ್ಷದ ಹುಡುಗ, ಮೊದಲ ಸಲ ಈ ದೇಶ, ಟ್ಯಾಕ್ಸಿಯಲ್ಲಿ ಒಬ್ಬನೇ ಬಂದು ಇಳಿದ.

ನಾನು ಬಂದಾಗಲೂ ಕರೆದುಕೊಂಡು ಹೋಗುವವರು ಎರಡು ಗಂಟೆ ತಡ. ಸೂಟ್‌ಕೇಸ್ ಮೇಲೆ ಕೂತು ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ತಿಂದೆ. ಆ ಎರಡು ಗಂಟೆ ಯಾರಿಗೂ ಬೇಡ. ಅದಕ್ಕೇ ಅವನ ಟ್ಯಾಕ್ಸಿ ಕಥೆ ಕೇಳಿದಾಗಲೆಲ್ಲ ನನಗೆ ಎನ್‌ಬಿಎ ಕಪ್ ನೆನಪಾಗಲ್ಲ, ಆ ಟ್ಯಾಕ್ಸಿಯ ಹಿಂದಿನ ಸೀಟು ನೆನಪಾಗುತ್ತೆ. ಅಷ್ಟುದ್ದ ಕಾಲು ಎಲ್ಲಿ ಮಡಚಿಟ್ಟುಕೊಂಡನೋ.

ಬೆಣ್ಣೆದೋಸೆ | ಶನಿವಾರ ರಾತ್ರಿ 10:02

ಮೇಡಂ, ಆಮೇಲೆ ಕೋಚ್ ತಲೆ ಮೇಲೆ ಕೈ ಹೊತ್ತಿರಬೇಕು 😀 ಟ್ಯಾಕ್ಸಿಯಿಂದ ಇಳಿದದ್ದು ಮೂರು ಸಲ ಫೈನಲ್ ಫೋರ್ (ಕಾಲೇಜು ಟೂರ್ನಿಯ ಕೊನೇ ನಾಲ್ಕು ತಂಡ)!

ಹಳೇ ಸೆಂಟರ್ | ಶನಿವಾರ ರಾತ್ರಿ 10:35

ಇಳಿದ ತಕ್ಷಣ ಅಲ್ಲ. ಮೇಷ್ಟ್ರು ಹುಡುಗನಿಗೆ ಹೇಳಬೇಕಾದ್ದು ಈ ಭಾಗವನ್ನೇ.

ಮೊದಲ ವರ್ಷ ಅನುಮತಿ ಸಿಗದೆ ಆಡಲೇ ಇಲ್ಲ. ಎರಡನೇ ವರ್ಷ ಬೆಂಚಿನಿಂದ ಎದ್ದು ಬರುತ್ತಿದ್ದ. ಸರಾಸರಿ 8.3 ಪಾಯಿಂಟ್. ಏನೂ ವಿಶೇಷ ಇಲ್ಲ. ಇನ್ನೂ ಜಾಸ್ತಿ ಹೊತ್ತು ಆಡಲು ಏನು ಮಾಡಬೇಕು ಅಂತ ಕೋಚ್‌ಗಳನ್ನು ಕೇಳಿದ. ಮೋಸಸ್ ಮಲೋನ್ ಜೊತೆ ಆಡು ಅಂದರು.

ಮಲೋನ್ ಅಂದರೆ ಆಗ ಹ್ಯೂಸ್ಟನ್ ರಾಕೆಟ್ಸ್‌ನ ಸೆಂಟರ್, 1982ರ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ). ಬೇಸಿಗೆ ರಜೆಯಲ್ಲಿ ಹ್ಯೂಸ್ಟನ್‌ನ ಫಾಂಡಿ ಅನ್ನುವ ಸಾರ್ವಜನಿಕ ಜಿಮ್‌ಗೆ ಬಂದು ಆಡುತ್ತಿದ್ದ. ಎನ್‌ಬಿಎಯ ಅತಿ ಒಳ್ಳೆಯ ಆಟಗಾರ ಊರಿನ ಹುಡುಗರ ಜೊತೆ ಪಿಕಪ್ (ಬಂದವರೆಲ್ಲ ಸೇರಿ ಆಡುವ ಆಟ) ಆಡುವುದನ್ನು ಊಹಿಸಿಕೊಳ್ಳಿ. ಹಕೀಮ್ ದಿನಾ ಹೋದ. ಮಲೋನ್ ತಳ್ಳುತ್ತಿದ್ದ, ಮೊಣಕೈ ಹಾಕುತ್ತಿದ್ದ, ರೀಬೌಂಡ್‌ಗೆ (ಗುರಿ ತಪ್ಪಿದ ಬಾಲ್ ಹಿಡಿಯಲು) ಜಾಗವೇ ಬಿಡುತ್ತಿರಲಿಲ್ಲ. ಬೇಸಿಗೆ ಮುಗಿದು ಕಾಲೇಜಿಗೆ ವಾಪಸ್ ಬಂದವನೇ ಬೇರೆ. 1982-83ರಲ್ಲಿ ಸರಾಸರಿ 13.9 ಪಾಯಿಂಟ್, 11.4 ರೀಬೌಂಡ್. ಅದರ ಮುಂದಿನ ವರ್ಷ ರೀಬೌಂಡ್‌ನಲ್ಲಿ ಇಡೀ ದೇಶಕ್ಕೇ ಮೊದಲಿಗ.

ಲಾಗೋಸ್ ಕಾಲು ಕೊಟ್ಟಿತು. ಮೈಗೆ ಮೈ ತಾಗಿಸುವುದನ್ನು ಕಲಿಸಿದ್ದು ಫಾಂಡಿ ಜಿಮ್.

ಆ ಕಾಲೇಜು ತಂಡದಲ್ಲಿ ಕ್ಲೈಡ್ ಡ್ರೆಕ್ಸ್ಲರ್ ಕೂಡ ಇದ್ದ. ಡಂಕ್ (ಹಾರಿ ಬಾಲನ್ನು ರಿಂಗ್ ಒಳಗೆ ತುರುಕುವುದು) ಮೇಲೆ ಡಂಕ್ ಹೊಡೆಯುತ್ತಿದ್ದರಿಂದ 'ಫೈ ಸ್ಲಾಮಾ ಜಾಮಾ' ಅಂತ ಅಡ್ಡಹೆಸರು. ಆದರೂ ಕಪ್ ಗೆಲ್ಲಲಿಲ್ಲ. 1983ರ ಫೈನಲ್‌ನಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ಎದುರು 54-52. ಕೊನೇ ಕ್ಷಣದಲ್ಲಿ ಎದುರಾಳಿ ಎಸೆದ ಬಾಲ್ ರಿಂಗನ್ನೂ ಮುಟ್ಟದೆ ಕೆಳಗೆ ಬಂತು. ಲೊರೆಂಜೊ ಚಾರ್ಲ್ಸ್ ಗಾಳಿಯಲ್ಲೇ ಹಿಡಿದು ಒಳಗೆ ತುರುಕಿದ. ಅಷ್ಟೇ. ಸೋತ ತಂಡದವನಾದರೂ ಟೂರ್ನಿಯ ಅತ್ಯುತ್ತಮ ಆಟಗಾರ ಅಂತ ಹಕೀಮ್‌ಗೇ ಕೊಟ್ಟರು. 1984ರಲ್ಲಿ ಮತ್ತೆ ಫೈನಲ್, ಈ ಸಲ ಪ್ಯಾಟ್ರಿಕ್ ಯೂಯಿಂಗ್ ಇದ್ದ ಜಾರ್ಜ್‌ಟೌನ್ ಎದುರು ಸೋಲು. ಯೂಯಿಂಗ್ ಹೆಸರು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಕಡ್ಡಿಪುಡಿ | ಭಾನುವಾರ ಬೆಳಗ್ಗೆ 8:15

ಹಾಗಾದರೆ ನೇರ ಪ್ರಶ್ನೆ. ಅವನ ಎರಡು ಎನ್‌ಬಿಎ ಕಪ್‌ಗಳೂ 1994, 1995. ಜೋರ್ಡನ್ ಆಟ ಬಿಟ್ಟು ಬೇಸ್‌ಬಾಲ್ ಆಡಲು ಹೋಗಿದ್ದ ಕಾಲ. ಬೆಕ್ಕಿಲ್ಲದ ಮನೆಯಲ್ಲಿ ಇಲಿಯದೇ ದರ್ಬಾರು ಅಲ್ವಾ?

ಲೆಕ್ಕದ ಪುಸ್ತಕ | ಭಾನುವಾರ ಬೆಳಗ್ಗೆ 8:40

1995ರ ಮಾರ್ಚ್‌ನಲ್ಲಿ ಜೋರ್ಡನ್ ವಾಪಸ್ ಬಂದಿದ್ದ. ಪ್ಲೇಆಫ್ (ಕಪ್‌ಗಾಗಿ ನಡೆಯುವ ಕೊನೇ ಹಂತದ ಸರಣಿಗಳು) ಆಡಿದ. ಅವನ ತಂಡ ಶಿಕಾಗೋವನ್ನು ಒರ್ಲ್ಯಾಂಡೊ 4-2ರಲ್ಲಿ ಮನೆಗೆ ಕಳಿಸಿತು. ಆ ಒರ್ಲ್ಯಾಂಡೊವನ್ನು ಹಕೀಮ್ ತಂಡ ಫೈನಲ್‌ನಲ್ಲಿ 4-0 ಹೊಡೆಯಿತು. ಬೆಕ್ಕು ಮನೆಯಲ್ಲೇ ಇತ್ತು ಗುರು.

ಆ ವರ್ಷ ರಾಕೆಟ್ಸ್ ಗೆದ್ದದ್ದು 47 ಪಂದ್ಯ ಅಷ್ಟೇ. ಪಶ್ಚಿಮದಲ್ಲಿ ಆರನೇ ಸ್ಥಾನ. ಆರನೇ ಸ್ಥಾನದಿಂದ ಬಂದು ಕಪ್ ಗೆದ್ದ ತಂಡ ಇನ್ನೊಂದಿಲ್ಲ. ದಾರಿಯಲ್ಲಿ ಸಿಕ್ಕವರು: ಯೂಟಾ (60 ಗೆಲುವು), ಫೀನಿಕ್ಸ್ (59), ಸ್ಯಾನ್ ಆಂಟೋನಿಯೊ (62), ಕೊನೆಗೆ ಒರ್ಲ್ಯಾಂಡೊ (57). ಫೀನಿಕ್ಸ್ ಎದುರು 3-1 ಹಿಂದೆ ಇದ್ದು ಎದ್ದು ಬಂದರು.

1994ರ ವಿಷಯಕ್ಕೆ ಬಂದರೆ, ಒಂದೇ ವರ್ಷ ಎಂವಿಪಿ, ಅತ್ಯುತ್ತಮ ಡಿಫೆಂಡರ್, ಫೈನಲ್ಸ್ ಎಂವಿಪಿ ಮೂರನ್ನೂ ಗೆದ್ದವನು ಅವನೊಬ್ಬನೇ. ಜೋರ್ಡನ್ ಕೂಡ ಇದನ್ನು ಮಾಡಿಲ್ಲ.

ಹಳೇ ಸೆಂಟರ್ | ಭಾನುವಾರ ಬೆಳಗ್ಗೆ 9:30

1994ರ ಫೈನಲ್ ನ್ಯೂಯಾರ್ಕ್ ನಿಕ್ಸ್ ಎದುರು. ನಿಕ್ಸ್ ಸೆಂಟರ್ ಯಾರು? ಅದೇ ಯೂಯಿಂಗ್. ಹತ್ತು ವರ್ಷದ ಬಾಕಿ. ಅಂದಹಾಗೆ ಯೂಯಿಂಗ್ ಕೂಡ ವಲಸೆ ಬಂದವನೇ, ಹುಟ್ಟಿದ್ದು ಜಮೈಕಾದಲ್ಲಿ.

ಆರನೇ ಪಂದ್ಯ. ನಿಕ್ಸ್ 3-2 ಮುಂದೆ. ಇದನ್ನು ಗೆದ್ದರೆ ಕಪ್ ಅವರದು. ಸ್ಕೋರ್ 86-84, ಹ್ಯೂಸ್ಟನ್ ಎರಡು ಪಾಯಿಂಟ್ ಮುಂದೆ, ಕೆಲವೇ ಸೆಕೆಂಡ್ ಬಾಕಿ. ಬಾಲ್ ಜಾನ್ ಸ್ಟಾರ್ಕ್ಸ್ ಕೈಯಲ್ಲಿ. ಅವತ್ತು ಅವನ ಕೈ ಕಾದಿತ್ತು. ಎರಡು ಹಾಕಿ ಸಮ ಮಾಡಲಿಲ್ಲ, ಮೂರಕ್ಕೇ ಎಸೆದ. ಹಕೀಮ್ ಯೂಯಿಂಗ್‌ನನ್ನು ಬಿಟ್ಟು ಅವನ ಕಡೆ ಹಾರಿದ. ಬಾಲಿಗೆ ತಾಗಿದ್ದು ಬೆರಳ ತುದಿ. ನಿಧಾನವಾಗಿ ಹಾಕಿ ನೋಡಿದರೆ ಮಾತ್ರ ಕಾಣುತ್ತೆ. ಬಾಲ್ ಅರ್ಧ ದಾರಿಯಲ್ಲೇ ಸತ್ತು ಬಿತ್ತು. ಏಳನೇ ಪಂದ್ಯ 90-84, ಕಪ್ ಹ್ಯೂಸ್ಟನ್‌ಗೆ. ಗೋಲ್‌ಕೀಪರ್ ಕಡೆಗೂ ಪೆನಾಲ್ಟಿ ತಡೆದ ಅಂತ ನನಗೆ ಯಾವಾಗಲೂ ಅನಿಸುತ್ತೆ.

ಹ್ಯೂಸ್ಟನ್‌ನಲ್ಲಿ ಹಾಸನದವಳು | ಭಾನುವಾರ ಬೆಳಗ್ಗೆ 10:10

ಎಲ್ಲ ಸುಲಭವಾಗಿ ಸಿಕ್ಕಿತು ಅಂತ ಅಂದುಕೊಳ್ಳಬೇಡಿ. 1986ರಲ್ಲೇ ಫೈನಲ್‌ಗೆ ಹೋಗಿ ಬೋಸ್ಟನ್ ಎದುರು ಸೋತರು. ಆಮೇಲೆ ತಂಡ ಕುಸಿಯಿತು. 1987ರಲ್ಲಿ ಸಿಯಾಟಲ್ ಎದುರು ಒಬ್ಬನೇ 49 ಪಾಯಿಂಟ್, 25 ರೀಬೌಂಡ್ ಮಾಡಿದ, ಆದರೂ ಸೋತು ಮನೆಗೆ ಬಂದರು. 1991ರಲ್ಲಿ ಶಿಕಾಗೋದ ಬಿಲ್ ಕಾರ್ಟ್‌ರೈಟ್ ಮೊಣಕೈ ತಾಗಿ ಕಣ್ಣಿನ ಸುತ್ತಲ ಮೂಳೆ ಮುರಿಯಿತು. 1992ರಲ್ಲಿ ಆಡಳಿತದವರ ಜೊತೆ ಜಗಳ. ನನ್ನನ್ನು ಬೇರೆ ತಂಡಕ್ಕೆ ಕಳಿಸಿ ಅಂತ ಕೇಳಿದ್ದ. ಕಳಿಸಿದ್ದರೆ ಈ ಊರಿನ ಇತಿಹಾಸವೇ ಬೇರೆ ಆಗುತ್ತಿತ್ತು. ರೂಡಿ ಟೊಮ್ಜಾನೊವಿಚ್ ಕೋಚ್ ಆಗಿ ಬಂದ ಮೇಲೆ ಮನಸ್ಸು ತಿಳಿಯಾಯಿತು.

ಹೆಸರಿನ ವಿಷಯವೂ ಒಂದಿದೆ. ಇಲ್ಲಿಗೆ ಬಂದಾಗ 'ಅಕೀಮ್' ಅಂತ ಬರೆದುಬಿಟ್ಟರು. ಹತ್ತು ವರ್ಷ ಹಾಗೇ ನಡೆಯಿತು. 1991ರಲ್ಲಿ ಅವನೇ ಹೇಳಿದ, ನನ್ನ ಹೆಸರಿನಲ್ಲಿ 'ಹ' ಇದೆ, ಹಾಕಿ ಅಂತ. ಇಲ್ಲಿ ನನ್ನ ಹೆಸರನ್ನೂ ಯಾರೂ ಸರಿಯಾಗಿ ಹೇಳಲ್ಲ, ನಾನೂ ತಿದ್ದುವುದನ್ನು ಬಿಟ್ಟಿದ್ದೇನೆ. ಅವನು ಆಲ್‌ಸ್ಟಾರ್ ಆಗಿದ್ದರೂ ತಿದ್ದಿದ.

ಬೆಣ್ಣೆದೋಸೆ | ಭಾನುವಾರ ಬೆಳಗ್ಗೆ 10:25

ಹಕೀಮ ಅಂದರೆ ನಮ್ಮಲ್ಲೂ ಮದ್ದು ಕೊಡುವವನು, ತಿಳಿದವನು. ನಮ್ಮಜ್ಜಿಗೆ ಅವನ ಹೆಸರು ಹೇಳಿದ್ದರೆ ಮಂಡಿನೋವಿಗೆ ಏನಾದರೂ ಕೊಡ್ತಾನಾ ಅಂತ ಕೇಳುತ್ತಿದ್ದಳು.

ದೂರದ ನೋಟ | ಭಾನುವಾರ ಮಧ್ಯಾಹ್ನ 1:20

ಎಲ್ಲರೂ ಹೊಗಳುತ್ತಿದ್ದೀರಿ, ಒಂದು ಬೇರೆ ಮಾತು. 1993ರ ಏಪ್ರಿಲ್‌ನಲ್ಲಿ ಅಮೆರಿಕದ ಪೌರತ್ವ ತೆಗೆದುಕೊಂಡ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದದ್ದು ಅಮೆರಿಕಕ್ಕೆ. ಚಿಕ್ಕವನಿದ್ದಾಗ ನೈಜೀರಿಯಾದ ಜೂನಿಯರ್ ತಂಡಕ್ಕೆ ಆಡಿದ್ದರಿಂದ ವಿಶೇಷ ಅನುಮತಿ ಬೇಕಾಯಿತು. ಹಾಗಿದ್ದರೆ ನೈಜೀರಿಯಾಕ್ಕೆ ಸಿಕ್ಕಿದ್ದೇನು?

ಹ್ಯೂಸ್ಟನ್‌ನಲ್ಲಿ ಹಾಸನದವಳು | ಭಾನುವಾರ ಮಧ್ಯಾಹ್ನ 2:05

ಈ ಪ್ರಶ್ನೆ ನಮ್ಮಂಥವರಿಗೆ ಪ್ರತಿ ರಜೆಯಲ್ಲೂ ಊರಿನ ಜಗಲಿ ಮೇಲೆ ಬೀಳುತ್ತೆ ಸರ್. ಪಾಸ್‌ಪೋರ್ಟ್ ಬಣ್ಣ ಬದಲಾದರೆ ಮನುಷ್ಯನೂ ಬದಲಾದ ಅಂತ ಜನ ಅಂದುಕೊಳ್ಳುತ್ತಾರೆ.

ಅವನು ಬಿಡದೆ ಇಟ್ಟುಕೊಂಡದ್ದನ್ನೂ ನೋಡಿ. ರಂಜಾನ್ ತಿಂಗಳಲ್ಲಿ ಉಪವಾಸ ಇದ್ದೇ ಆಡುತ್ತಿದ್ದ. ಹಗಲಿನ ಪಂದ್ಯ ಇದ್ದರೆ ಒಂದು ಗುಟುಕು ನೀರೂ ಇಲ್ಲ. 1995ರಲ್ಲಿ ರಂಜಾನ್ ಶುರುವಾದದ್ದು ಫೆಬ್ರವರಿ 1ಕ್ಕೆ. ಆ ಫೆಬ್ರವರಿಯ ತಿಂಗಳ ಆಟಗಾರ ಯಾರು? ಅವನೇ.

ಡೌನ್‌ಟೌನ್‌ನಲ್ಲಿ 1928ರ ಹಳೇ ಬ್ಯಾಂಕ್ ಕಟ್ಟಡ ಒಂದಿದೆ. ಮುಂದೆ ದೊಡ್ಡ ದೊಡ್ಡ ಕಲ್ಲಿನ ಕಂಬಗಳು. 1994ರಲ್ಲಿ ಅದನ್ನು ಕೊಂಡು ಮಸೀದಿ, ಇಸ್ಲಾಮಿಕ್ ಕೇಂದ್ರ ಮಾಡಿದ. ನಾನು ಅದರ ಮುಂದೆಯೇ ನಡೆದು ಹೋಗುತ್ತಿರುತ್ತೇನೆ. ಬಡ್ಡಿ ಕೊಡಬಾರದು ಅಂತ ಸಾಲ ಮಾಡದೆ ನಗದು ಕೊಟ್ಟೇ ಆಸ್ತಿ ಕೊಳ್ಳುತ್ತಾನಂತೆ. ಬಡ್ಡಿ ಬೇಡ ಅನ್ನುವವನು ಬ್ಯಾಂಕನ್ನೇ ಕೊಂಡ, ಇದನ್ನು ನೆನೆಸಿಕೊಂಡು ಎಷ್ಟು ಸಲ ನಕ್ಕಿದ್ದೇನೋ.

ಶೂ ಕಥೆ ಗೊತ್ತಾ? ದೊಡ್ಡ ಆಟಗಾರರ ಶೂಗಳಿಗೆ ನೂರು ಡಾಲರ್‌ಗೂ ಮೇಲೆ ಬೆಲೆ ಇದ್ದಾಗ ಇವನು ಸ್ಪಾಲ್ಡಿಂಗ್ ಕಂಪನಿ ಜೊತೆ ಸೇರಿ ಸುಮಾರು 35 ಡಾಲರ್‌ಗೆ ತನ್ನ ಹೆಸರಿನ ಶೂ ಬಿಟ್ಟ. ಬಡವರ ಮನೆ ಮಕ್ಕಳಿಗೂ ಕೈಗೆಟುಕಲಿ ಅಂತ.

ದೂರದ ನೋಟ | ಭಾನುವಾರ ಮಧ್ಯಾಹ್ನ 2:30

ಜಗಲಿ ಮಾತು ಚುಚ್ಚಿತು ಮೇಡಂ. ನನ್ನ ತಮ್ಮನಿಗೆ ನಾನೇ ಕೇಳಿದ್ದೆ.

ಹಾಗೆ ನೋಡಿದರೆ ಅವನ ಹಿಂದೆ ಆಫ್ರಿಕಾದಿಂದ ಸಾಲು ಬಂತು ಅನ್ನುವುದು ನಿಜ. ಕಾಂಗೋದಿಂದ ಡಿಕೆಂಬೆ ಮುಟೊಂಬೊ, ಡಾಕ್ಟರ್ ಆಗಲು ಬಂದವನು. ಕ್ಯಾಮರೂನ್‌ನ ಜೋಯಲ್ ಎಂಬೀಡ್ ಕೂಡ ತಡವಾಗಿ ಶುರು ಮಾಡಿ, ಹಕೀಮ್ ವಿಡಿಯೊ ನೋಡಿ ಕಲಿತವನು. ಮೇಷ್ಟ್ರೇ, ನಿಮ್ಮ ಪಟ್ಟಿಗೆ ಇನ್ನೊಂದು ಹೆಸರು ಸಿಕ್ಕಿತು.

ಪಿಟಿ ಮೇಷ್ಟ್ರು | ಭಾನುವಾರ ಸಂಜೆ 5:15

ಎಲ್ಲವನ್ನೂ ಓದುತ್ತಿದ್ದೇನೆ, ತುಂಬಾ ಥ್ಯಾಂಕ್ಸ್. ಹಳೇ ಸೆಂಟರ್ ಅವರೇ, 'ಡ್ರೀಮ್ ಶೇಕ್' ಅನ್ನುತ್ತಾರಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಿ. ನಾನು ಕಲಿತದ್ದು ವಾಲಿಬಾಲ್, ಇದು ನನಗೂ ಹೊಸದು.

ಹಳೇ ಸೆಂಟರ್ | ಭಾನುವಾರ ಸಂಜೆ 6:45

ಡ್ರೀಮ್ ಅನ್ನುವುದು ಅವನ ಅಡ್ಡಹೆಸರು. ಅವನ ಡಂಕ್ ನೋಡಿ ಕನಸಿನ ಹಾಗಿದೆ ಅಂತ ಕೋಚ್ ಲೂಯಿಸ್ ಇಟ್ಟದ್ದು. ಶೇಕ್ ಅಂದರೆ ಆ ಭುಜದ ಅಲುಗಾಟ. ಫುಟ್‌ಬಾಲ್‌ನಿಂದಲೇ ಬಂದದ್ದು ಅಂತ ಅವನೇ ಹೇಳಿದ್ದಾನೆ.

ರಿಂಗ್‌ಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಪಾಸ್ ಬಂದಾಗ ಚಿಕ್ಕದಾಗಿ ಹಾರಿ ಎರಡೂ ಕಾಲನ್ನು ಒಟ್ಟಿಗೆ ಊರುತ್ತಾನೆ. ಗುಟ್ಟು ಇರುವುದೇ ಇಲ್ಲಿ. ಎರಡೂ ಕಾಲು ಒಟ್ಟಿಗೆ ಊರಿದರೆ ಯಾವ ಕಾಲನ್ನು ಬೇಕಾದರೂ ಪಿವೊಟ್ (ನೆಲಕ್ಕೆ ಊರಿ ಅದರ ಮೇಲೆ ತಿರುಗುವ ಕಾಲು) ಮಾಡಬಹುದು. ಎದುರಾಳಿಗೆ ಯಾವ ಕಡೆ ತಿರುಗುತ್ತಾನೆ ಅಂತ ಗೊತ್ತಾಗಲ್ಲ. ಆಮೇಲೆ ಭುಜ ಒಂದು ಕಡೆ ಅಲ್ಲಾಡುತ್ತೆ. ತಲೆಯೂ ಆ ಕಡೆ. ಹಿಂದೆ ನಿಂತವನ ಭಾರ ಆ ಕಾಲಿಗೆ ಹೋದ ತಕ್ಷಣ ಇವನು ಇನ್ನೊಂದು ಕಡೆ ತಿರುಗಿ ಹಿಂದಕ್ಕೆ ವಾಲಿ ಶಾಟ್ ಹೊಡೆಯುತ್ತಾನೆ. ಎದುರಾಳಿ ಬುದ್ಧಿವಂತನಾಗಿ ಜೊತೆಗೇ ತಿರುಗಿದರೆ? ಬಾಲನ್ನು ಹಣೆಯವರೆಗೆ ಎತ್ತಿ ಶಾಟ್ ಹೊಡೆದ ಹಾಗೆ ಮಾಡುತ್ತಾನೆ. ಅವನು ಹಾರುತ್ತಾನೆ. ಇವನು ಅವನ ಕಂಕುಳ ಕೆಳಗಿಂದ ನುಸುಳಿ ರಿಂಗ್‌ಗೆ ಹಾಕುತ್ತಾನೆ.

1995ರಲ್ಲಿ ಸ್ಯಾನ್ ಆಂಟೋನಿಯೊದ ಡೇವಿಡ್ ರಾಬಿನ್ಸನ್‌ಗೆ ಇದೇ ಆದದ್ದು. ಆ ವರ್ಷದ ಎಂವಿಪಿ ರಾಬಿನ್ಸನ್. ಎರಡನೇ ಪಂದ್ಯಕ್ಕೆ ಮೊದಲು ಹಕೀಮ್ ಕಣ್ಣೆದುರೇ ಅವನಿಗೆ ಟ್ರೋಫಿ ಕೊಟ್ಟರು. ಅವತ್ತು ಹಕೀಮ್ 41 ಹೊಡೆದ. ಸರಣಿಯಲ್ಲಿ ಸರಾಸರಿ 35.3. ರಾಬಿನ್ಸನ್ ಸಾಮಾನ್ಯ ಆಟಗಾರ ಅಲ್ಲ, ಮೇಲೆ ಒಳ್ಳೆಯ ಡಿಫೆಂಡರ್ ಬೇರೆ. ಅವನು ಗಾಳಿಯಲ್ಲಿ ತೇಲುತ್ತಿರುವಾಗ ಇವನು ಕೆಳಗೆ ನಿಂತು ಬಾಲ್ ಹಾಕುವ ಒಂದು ಕ್ಲಿಪ್ ಇದೆ, ಹುಡುಗನಿಗೆ ಅದನ್ನು ತೋರಿಸಿ. ರಿಂಗ್ ನೋಡಬೇಡ, ಕಾಲು ನೋಡು ಅನ್ನಿ.

ನಿವೃತ್ತಿ ಆದ ಮೇಲೆ ಇದನ್ನು ಕಲಿಯಲು ಕೋಬಿ ಬ್ರಯಂಟ್, ಲೆಬ್ರಾನ್ ಜೇಮ್ಸ್ ಕೂಡ ಹ್ಯೂಸ್ಟನ್‌ಗೆ ಅವನ ಹತ್ತಿರ ಹೋದರು.

ಲೆಕ್ಕದ ಪುಸ್ತಕ | ಭಾನುವಾರ ಸಂಜೆ 7:10

ಇದೊಂದು ಹೇಳದೆ ಹೋದರೆ ನಿದ್ದೆ ಬರಲ್ಲ. 1990ರ ಮಾರ್ಚ್ 3ರಂದು ಅವನಿಗೆ ಕ್ವಾಡ್ರುಪಲ್ ಡಬಲ್ (ಒಂದೇ ಪಂದ್ಯದಲ್ಲಿ ನಾಲ್ಕು ಲೆಕ್ಕಗಳಲ್ಲಿ ಹತ್ತು ಅಥವಾ ಹೆಚ್ಚು) ಆಯಿತು ಅಂತ ತಂಡದವರು ಲೆಕ್ಕ ಬರೆದರು. ಎನ್‌ಬಿಎಯವರು ಟೇಪ್ ನೋಡಿ ಒಂದು ಅಸಿಸ್ಟ್ (ಜೊತೆಗಾರ ಸ್ಕೋರ್ ಮಾಡುವಂತೆ ಕೊಟ್ಟ ಪಾಸ್) ಕಿತ್ತುಕೊಂಡರು. ಹತ್ತಲ್ಲ, ಒಂಬತ್ತು ಅಂದರು. ಅದೇ ತಿಂಗಳ 29ಕ್ಕೆ ಮಿಲ್ವಾಕಿ ಎದುರು 18 ಪಾಯಿಂಟ್, 16 ರೀಬೌಂಡ್, 10 ಅಸಿಸ್ಟ್, 11 ಬ್ಲಾಕ್. ಈ ಸಲ ಯಾರೂ ಏನೂ ಕಿತ್ತುಕೊಳ್ಳಲು ಆಗಲಿಲ್ಲ.

ಕಡ್ಡಿಪುಡಿ | ಭಾನುವಾರ ರಾತ್ರಿ 8:00

ನನ್ನ ಮೊದಲ ಮಾತು ಹಾಗೇ ಇರಲಿ. ಎಲ್ಲರೂ ಹಕೀಮ್ ಆಗಲ್ಲ. ಅವನಿಗೂ ಕೊನೆ ಚೆನ್ನಾಗಿರಲಿಲ್ಲ. 17 ವರ್ಷ ಹ್ಯೂಸ್ಟನ್‌ಗೆ ಆಡಿ, ಕೊನೇ ವರ್ಷ ಟೊರಾಂಟೊಗೆ ಹೋಗಿ, ಬೆನ್ನುನೋವು, ಸರಾಸರಿ 7.1 ಪಾಯಿಂಟ್, ಬಿಟ್ಟ. ಆದರೆ ಬಾಲ್ ಕೈಗೆ ಕೊಡದೇ ತಡ ಆಯ್ತು ಅಂದವರು ಮಾಡಿದ್ದು ತಪ್ಪು. ನೋಡಿಯಾದರೂ ಹೇಳಬೇಕಿತ್ತು.

ಪಿಟಿ ಮೇಷ್ಟ್ರು | ಸೋಮವಾರ ರಾತ್ರಿ 8:50

ಇವತ್ತು ಸಂಜೆ ಹುಡುಗನಿಗೆ ಕ್ಲಿಪ್ ತೋರಿಸಿದೆ. ಫೋನ್ ಕಿತ್ತುಕೊಂಡು ನಾಲ್ಕೈದು ಸಲ ಹಿಂದೆ ಮುಂದೆ ಮಾಡಿ ನೋಡಿದ. ಕಪ್ ಎಷ್ಟು, ದುಡ್ಡು ಎಷ್ಟು, ಯಾವುದೂ ಕೇಳಲಿಲ್ಲ. "ಸರ್, ಇವರು ಬೋನಸ್‌ಗೆ ಕಾಲು ಇಟ್ಟ ಹಾಗೆ ಮಾಡಿ ಆ ಕಡೆ ಮುಟ್ಟಿ ಬರ್ತಿದ್ದಾರೆ" ಅಂದ. ನಾನು ಎರಡು ತಿಂಗಳಿಂದ ಪಿವೊಟ್ ಅಂತ ಬಡಕೊಳ್ಳುತ್ತಿದ್ದೆ. ಕಬಡ್ಡಿ ಭಾಷೆಯಲ್ಲಿ ಹೇಳಬೇಕಿತ್ತು ಅಂತ ಹೊಳೆದೇ ಇರಲಿಲ್ಲ.

ಆಮೇಲೆ ಕತ್ತಲಾಗುವವರೆಗೂ ಅದೊಂದನ್ನೇ ಮಾಡಿದ. ಹತ್ತರಲ್ಲಿ ಆರು ಸಲ ಟ್ರಾವೆಲಿಂಗ್ (ಬಾಲ್ ಹಿಡಿದು ಹೆಚ್ಚು ಹೆಜ್ಜೆ ಇಡುವ ತಪ್ಪು). ಏಳನೇ ಸಲ ನಾನೇ ಡಿಫೆಂಡರ್ ಆಗಿ ನಿಂತೆ. ಭುಜ ಎಡಕ್ಕೆ ಹೋಯಿತು, ನಾನೂ ಹೋದೆ. ಹುಡುಗ ಬಲಕ್ಕಿದ್ದ. ಬಾಲ್ ರಿಂಗ್‌ಗೆ ಬಡಿದು ಆಚೆ ಹೋಯಿತು ಬಿಡಿ, ಆದರೆ ನಾನು ಮಾತ್ರ ಎಡಕ್ಕೇ ಉಳಿದಿದ್ದೆ.

ನಾಳೆ ಬೆಳಗ್ಗೆ 6ಕ್ಕೆ ಬಾ ಅಂದಿದ್ದೇನೆ. ಬಾಲಿಗೆ ಗಾಳಿ ಕಮ್ಮಿಯಾಗಿದೆ, ಪಂಪಿನ ಸೂಜಿ ಹುಡುಕಬೇಕು.